ತಮ್ಮ ಮೆಲ್ಬರ್ನ್‌ನಲ್ಲಿ, ಸೈಟು ದಾವಣಗೆರೆಯಲ್ಲಿ: ಮೊಬೈಲಲ್ಲಿ ಸಹಿ ಹಾಕಿದ ಜಿಪಿಎ ಯಾಕೆ ನಡೆಯಲಿಲ್ಲ?

ವಿದ್ಯಾನಗರದ ಅಕ್ಕ, 6 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಾಗದದ ಕೆಲಸವೊಂದು ಅರ್ಧಕ್ಕೆ ನಿಂತಿದೆ, ತಿಳಿದವರು ದಾರಿ ಹೇಳಬೇಕು.

ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಉಯಿಲು ಬರೆದಿರಲಿಲ್ಲ. ಮಿಲ್ಲಿನ ಸಂಬಳದಲ್ಲಿ ಉಳಿಸಿ ತಗೊಂಡ 30x40ರ ಸೈಟು ಹದಡಿ ರಸ್ತೆ ಕಡೆ ಇದೆ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿತ ಬಡಾವಣೆ. ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ, ಅದನ್ನೂ ಅಪ್ಪನೇ ಕೊಂಡದ್ದು. ವಾರಸುದಾರರು ಅಮ್ಮ, ನಾನು, ತಮ್ಮ. ತಮ್ಮ ಹನ್ನೆರಡು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದಾನೆ. ಆಸ್ಟ್ರೇಲಿಯಾ ಪೌರತ್ವ ತಗೊಂಡಿದ್ದಾನೆ, ಕೈಯಲ್ಲಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದೆ.

ಸೈಟು 42 ಲಕ್ಷಕ್ಕೆ ಮಾತಾಗಿದೆ. ಅಮ್ಮನ ಮಂಡಿ ಆಪರೇಷನ್ನಿಗೆ ಆ ದುಡ್ಡು ಬೇಕೇ ಬೇಕು. ತಮ್ಮನಿಗೆ ಏಪ್ರಿಲ್‌ವರೆಗೆ ರಜೆ ಇಲ್ಲ. "ಅಕ್ಕಾ, ಇಲ್ಲಿ ನಾನು ಮನೆ ಮಾರಿದ್ದು ಪೂರಾ ಕಂಪ್ಯೂಟರಲ್ಲೇ, ಒಂದು ಹಾಳೆ ಮುಟ್ಟಲಿಲ್ಲ" ಅಂತ ಹೇಳಿ ಜಿಪಿಎ (ತನ್ನ ಪರವಾಗಿ ಸಹಿ ಹಾಕೋ ಅಧಿಕಾರ ನನಗೆ ಕೊಡೋ ಪತ್ರ) ಬರೆಸಿ, ಮೊಬೈಲಲ್ಲೇ ಸಹಿ ಒತ್ತಿ ಪಿಡಿಎಫ್ ಕಳಿಸಿದ. ಉಪನೋಂದಣಿ ಕಚೇರಿಗೆ ತಗೊಂಡು ಹೋದರೆ "ಇದು ನಡೆಯಲ್ಲಮ್ಮ" ಅಂದರು. ಯಾಕೆ ಅಂತ ಹೇಳಲಿಲ್ಲ. ಪಹಣಿ, ಇ.ಸಿ. (ಋಣಭಾರ ಪತ್ರ), ಖಾತೆ ಎಲ್ಲಾ ಕಂಪ್ಯೂಟರಲ್ಲೇ ಬರೋವಾಗ ತಮ್ಮನ ಸಹಿ ಮಾತ್ರ ಯಾಕೆ ಬರಬಾರದು? ಇದು ನನಗೆ ನಿಜವಾಗಿ ಅರ್ಥವಾಗಿಲ್ಲ.

ಹರಿಹರದ ಪತ್ರ ಬರಹಗಾರ, 6 ಡಿಸೆಂಬರ್

ತಂಗೀ, ಅವರು ವಾಪಸ್ ಕೊಟ್ಟದ್ದು ಸರಿ. ಕಾರಣ ಹೇಳದೆ ಕಳಿಸಿದ್ದು ತಪ್ಪು. ಕಾರಣ ನಾನು ಹೇಳ್ತೀನಿ.

ಇಲೆಕ್ಟ್ರಾನಿಕ್ ಸಹಿಗೆ ನಮ್ಮಲ್ಲಿ ಬೆಲೆ ಕೊಟ್ಟದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಅದೇ ಕಾಯ್ದೆಯ ಮೊದಲ ಅನುಸೂಚಿಯಲ್ಲಿ "ಈ ದಾಖಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ" ಅಂತ ಒಂದು ಪಟ್ಟಿ ಐತೆ. ಮೊದಲು ಸ್ಥಿರಾಸ್ತಿ ಮಾರಾಟದ ಕರಾರೂ ಆ ಪಟ್ಟಿಯೊಳಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿ ತಿದ್ದಿ ಅದನ್ನ ತೆಗೀತು. ಉಯಿಲು, ಟ್ರಸ್ಟ್ ಪತ್ರ ಹಾಗೇ ಉಳಿದವು. ಜಿಪಿಎಯೂ ಉಳೀತು, ಬ್ಯಾಂಕಿನಂಥ ಹಣಕಾಸು ಸಂಸ್ಥೆಗಳ ಹೆಸರಿಗೆ ಬರೆದುಕೊಡೋ ಜಿಪಿಎಗೆ ಮಾತ್ರ ವಿನಾಯಿತಿ ಸಿಕ್ತು. ಅಕ್ಕನಿಗೆ ತಮ್ಮ ಕೊಡೋ ಜಿಪಿಎ ಇವತ್ತಿಗೂ ಹಾಳೆ ಮೇಲೆ, ಕೈಯಿಂದಲೇ ಸಹಿ ಆಗಬೇಕು.

ಹಾಳೆ ಮೇಲೆ ಆದರೂ ಸಾಲದು. 1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ಪರದೇಶದಲ್ಲಿರೋರು ನೋಟರಿ, ನ್ಯಾಯಾಲಯ, ಇಲ್ಲವೇ ಭಾರತದ ಕಾನ್ಸುಲರ್ ಅಧಿಕಾರಿ ಎದುರಿಗೆ ಸಹಿ ಹಾಕಿ, ಅವರಿಂದ ದೃಢೀಕರಣ ಪಡೀಬೇಕು. ನನ್ನ ಅನುಭವದಲ್ಲಿ ತಕರಾರಿಲ್ಲದ ದಾರಿ ಅಂದ್ರೆ ಮೆಲ್ಬರ್ನ್‌ನ ಭಾರತೀಯ ಕಾನ್ಸುಲೇಟ್. ಅಲ್ಲಿ ಸಮಯ ಸಿಗದಿದ್ರೆ ಅಲ್ಲಿನ ನೋಟರಿ ಮುಂದೆ ಸಹಿ ಹಾಕಿ, ಅದರ ಮೇಲೆ ಆಸ್ಟ್ರೇಲಿಯಾ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಹಾಕಿಸಲಿ. ಒಂದು ದೇಶದ ಕಾಗದವನ್ನ ಇನ್ನೊಂದು ದೇಶ ಒಪ್ಪಲಿ ಅಂತ 1961ರ ಹೇಗ್ ಒಪ್ಪಂದ ತಂದ ಮುದ್ರೆ ಅದು, ಭಾರತಕ್ಕೆ ಅನ್ವಯ ಆದದ್ದು 2005ರ ಜುಲೈನಿಂದ. ಆದ್ರೆ ಎಲ್ಲಾ ದೇಶಕ್ಕೂ ಇದು ಹೊಂದಲ್ಲ. ದುಬೈ, ಅಬುಧಾಬಿಯಲ್ಲಿರೋರಿಗೆ ಅಪೊಸ್ಟಿಲ್ ದಾರಿ ಇಲ್ಲ. ಜರ್ಮನಿ ಒಪ್ಪಂದದೊಳಗಿದ್ರೂ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶ. ಅಂಥ ದೇಶಗಳಲ್ಲಿರೋರು ನೇರ ಭಾರತದ ಕಾನ್ಸುಲೇಟಿಗೇ ಹೋಗಲಿ.

ಈಗ ಬಹಳ ಜನ ಎಡವೋ ಜಾಗ. ಮೂಲ ಪ್ರತಿ ಊರಿಗೆ ಬಂದ ಮೇಲೆ ಬೀರುವಿನಲ್ಲಿ ಇಟ್ಟು ಕೂರಬೇಡಿ. ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಪ್ರಕಾರ, ರಾಜ್ಯದ ಹೊರಗೆ ಬರೆದ ಪತ್ರ ರಾಜ್ಯಕ್ಕೆ ಮೊದಲು ಬಂದು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನ ಮಾಡಿಸಬೇಕು. ಬಂದ ದಿನಾಂಕಕ್ಕೆ ಸಾಕ್ಷಿ ಬೇಕು, ಕೊರಿಯರ್ ಲಕೋಟೆ ಹರಿದು ಬಿಸಾಕಬೇಡಿ.

ಜಿಪಿಎ ಯಾರ ಹೆಸರಿಗೆ ಅನ್ನೋದೂ ಮುಖ್ಯ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಬಿಟ್ಟು ಹೊರಗಿನವರಿಗೆ ಮಾರೋ ಅಧಿಕಾರ ಕೊಟ್ರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳತೈತಿ. ಅಕ್ಕನ ಹೆಸರಿಗಾದ್ರೆ ಆ ಭಾರ ಇಲ್ಲ. ಏಜೆಂಟರ ಹೆಸರಿಗೆ ಮಾತ್ರ ಕೊಡಬೇಡ್ರಿ.

ಬೆಣ್ಣೆನಗರಿ, 6 ಡಿಸೆಂಬರ್

ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಎಲ್ಲಾ ಆನ್‌ಲೈನ್ ಅಲ್ವಾ? ಮನೆಯಲ್ಲೇ ಕೂತು ಅರ್ಜಿ ಹಾಕಬಹುದು ಅಂತ ಓದಿದ್ದೆ.

ಹರಿಹರದ ಪತ್ರ ಬರಹಗಾರ, 6 ಡಿಸೆಂಬರ್

ಅರ್ಜಿ, ಕರಡು, ಪರಿಶೀಲನೆ, ಶುಲ್ಕ ಕಟ್ಟೋದು, ದಿನ ಗೊತ್ತುಮಾಡೋದು ಎಲ್ಲಾ ಮನೆಯಿಂದ ಆಗತೈತಿ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಉಪನೋಂದಣಿ ಕಚೇರಿಗಾದ್ರೂ ಹೋಗಬಹುದು, ದಾವಣಗೆರೆ ಸೈಟನ್ನ ಹರಿಹರದಲ್ಲೂ ನೋಂದಾಯಿಸಬಹುದು. ಇದರಿಂದ ಜನಕ್ಕೆ ನಿಜವಾಗಿ ಅನುಕೂಲ ಆಗೈತೆ. ಆದ್ರೆ ಕೊನೆಗೆ ಫೋಟೋ, ಹೆಬ್ಬೆಟ್ಟು, "ಹೌದು, ಬರೆದುಕೊಟ್ಟಿದ್ದು ನಾನೇ" ಅನ್ನೋ ಒಪ್ಪಿಗೆ, ಇಷ್ಟಕ್ಕೆ ಅಧಿಕಾರಿ ಎದುರು ನಿಲ್ಲಲೇಬೇಕು. ಇದನ್ನೂ ಇಲೆಕ್ಟ್ರಾನಿಕ್ ಮಾಡೋಕೆ ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊಸ ನೋಂದಣಿ ಮಸೂದೆಯ ಕರಡು ಹೊರಡಿಸಿತು. ಅದು ಕಾಯ್ದೆ ಆಗೋವರೆಗೆ 1908ರದ್ದೇ ನಮಗೆ ದೇವರು.

ಮೆಲ್ಬರ್ನ್ ಕನ್ನಡಿಗ, 7 ಡಿಸೆಂಬರ್

ನಾನು ಮೂಲತಃ ಜಗಳೂರಿನವನು, ಇಲ್ಲಿ ಎರಡು ಸಲ ಮನೆ ಕೊಂಡು ಒಂದು ಸಲ ಮಾರಿದ್ದೇನೆ. ಅಕ್ಕನ ತಮ್ಮ ಹೇಳಿದ್ದು ನಿಜ.

ಇಲ್ಲಿ ಪೆಕ್ಸಾ ಅನ್ನುವ ಒಂದು ಇಲೆಕ್ಟ್ರಾನಿಕ್ ಅಂಗಳವಿದೆ. ಮಾರುವವರ ಕನ್ವೆಯನ್ಸರ್ (ಆಸ್ತಿ ವರ್ಗಾವಣೆಯ ಕಾಗದ ನೋಡಿಕೊಳ್ಳುವ ವೃತ್ತಿಪರರು), ಕೊಳ್ಳುವವರ ಕನ್ವೆಯನ್ಸರ್, ಎರಡೂ ಕಡೆಯ ಬ್ಯಾಂಕು ಅದರೊಳಗೆ ಕೂರುತ್ತಾರೆ. ಗೊತ್ತಾದ ದಿನ, ಗೊತ್ತಾದ ಗಳಿಗೆಯಲ್ಲಿ ಹಣ ಆ ಕಡೆ ಹೋಗುತ್ತದೆ, ಅದೇ ಹೊತ್ತಿಗೆ ವರ್ಗಾವಣೆ ಪತ್ರ ಭೂ ನೋಂದಣಿ ಕಚೇರಿಗೆ ಸಲ್ಲುತ್ತದೆ. ನ್ಯೂ ಸೌತ್ ವೇಲ್ಸ್ ರಾಜ್ಯ 2021ರ ಅಕ್ಟೋಬರ್ 11ರಿಂದ ಕಾಗದದ ಹಕ್ಕುಪತ್ರವನ್ನೇ ರದ್ದು ಮಾಡಿತು.

ಆದರೆ ತಮ್ಮ ಒಂದು ವಿಷಯ ಮರೆತಿದ್ದಾನೆ. ಆ ಅಂಗಳಕ್ಕೆ ಅವನು ಕಾಲಿಟ್ಟೇ ಇಲ್ಲ. ಮಾರುವವರ ಪರವಾಗಿ ಡಿಜಿಟಲ್ ಸಹಿ ಹಾಕುವವರು ಪರವಾನಗಿ ಇರುವ ಕನ್ವೆಯನ್ಸರ್ ಅಥವಾ ವಕೀಲರು. ಅವರು ಮೊದಲು ನಮ್ಮ ಪಾಸ್‌ಪೋರ್ಟು, ಮುಖ ಎಲ್ಲ ತಾಳೆ ನೋಡಿ, ನಮ್ಮಿಂದ ಅಧಿಕಾರ ಪತ್ರ ಬರೆಸಿಕೊಳ್ಳುತ್ತಾರೆ. ಅಂದರೆ ಅಲ್ಲೂ "ಇವನೇ ಅವನು" ಎಂದು ಹೊಣೆ ಹೊರುವ ಮನುಷ್ಯ ಒಬ್ಬ ಇದ್ದಾನೆ. ತಮ್ಮ ಮೊಬೈಲಲ್ಲಿ ಒತ್ತಿದ ಸಹಿಗೆ ಆ ಹೊಣೆಗಾರ ಯಾರು?

ಇಷ್ಟೆಲ್ಲ ಇದ್ದೂ ಮೋಸ ತಪ್ಪಿಲ್ಲ. 2018ರಲ್ಲಿ ಮೆಲ್ಬರ್ನ್‌ನ ಒಂದು ಕುಟುಂಬದ ಮನೆ ಮಾರಿದ ಹಣ, ಸುಮಾರು ಎರಡೂವರೆ ಲಕ್ಷ ಡಾಲರ್, ಕಳ್ಳರ ಖಾತೆಗೆ ಹೋಯಿತು. ಕನ್ವೆಯನ್ಸರ್‌ನ ಇಮೇಲಿಗೆ ನುಗ್ಗಿ ಬ್ಯಾಂಕ್ ಖಾತೆ ಸಂಖ್ಯೆಯನ್ನೇ ಬದಲಾಯಿಸಿದ್ದರು. ಅಕ್ಕಾ, ಹಣ ಹಾಕುವ ಖಾತೆ ಸಂಖ್ಯೆಯನ್ನು ವಾಟ್ಸಾಪಿನಲ್ಲಿ ಬಂದದ್ದು ನೋಡಿ ನಂಬಬೇಡಿ. ಫೋನ್ ಮಾಡಿ, ತಮ್ಮನ ದನಿ ಕೇಳಿ, ಅಂಕಿ ಅಂಕಿ ಓದಿಸಿಕೊಳ್ಳಿ.

ಕೋಟೆನಾಡಿನ ನಿವೃತ್ತ, 7 ಡಿಸೆಂಬರ್

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಕಂದಾಯ ಇಲಾಖೆಯಲ್ಲಿ ಇಡೀ ಸೇವಾವಧಿ ಕಳೆದವನು. ಮೆಲ್ಬರ್ನ್‌ನವರು ಹೇಳಿದ್ದಕ್ಕೆ ಒಂದು ಬೇರಿನ ವ್ಯತ್ಯಾಸ ಸೇರಿಸಲೇಬೇಕು, ಅದನ್ನು ಬಿಟ್ಟು ಕಂಪ್ಯೂಟರ್ ಬಗ್ಗೆ ಮಾತ್ರ ಮಾತಾಡಿದರೆ ದಾರಿ ತಪ್ಪುತ್ತೇವೆ.

ಆಸ್ಟ್ರೇಲಿಯಾದ್ದು ಟಾರೆನ್ಸ್ ಪದ್ಧತಿ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರು ಬಂದರೆ ಅದೇ ಹಕ್ಕು, ಸರ್ಕಾರವೇ ಅದಕ್ಕೆ ಜಾಮೀನು. ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. "ಇಂಥವರು ಇಂಥವರಿಗೆ ಇಂಥ ದಿನ ಬರೆದುಕೊಟ್ಟರು" ಎನ್ನುವುದಕ್ಕೆ ಸರ್ಕಾರ ಸಾಕ್ಷಿ; ಬರೆದುಕೊಟ್ಟವನಿಗೆ ಬರೆದುಕೊಡುವ ಹಕ್ಕಿತ್ತೇ ಎಂಬುದಕ್ಕೆ ಅಲ್ಲ. ಕಳೆದ ತಿಂಗಳು ಸುಪ್ರೀಂ ಕೋರ್ಟ್ ಬಿಹಾರದ ಸಮೀಉಲ್ಲಾ ಪ್ರಕರಣದಲ್ಲಿ ಇದನ್ನೇ ಮತ್ತೆ ಹೇಳಿತು: ನೋಂದಣಿ ಎಂದರೆ ಹಕ್ಕಿನ ಬಗ್ಗೆ ಒಂದು ಊಹೆ ಮಾತ್ರ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬ್ಲಾಕ್‌ಚೈನ್‌ನಂಥ ತಂತ್ರಜ್ಞಾನ ಇಲ್ಲಿ ಹೊಂದುತ್ತದೆಯೇ ಎಂದು ಕಾನೂನು ಆಯೋಗ ಪರಿಶೀಲಿಸಲಿ ಎಂದೂ ಅದೇ ತೀರ್ಪಿನಲ್ಲಿದೆ.

ಈ ಒಂದು ಮಾತು ಅರ್ಥವಾದರೆ ನಮ್ಮ ಕಚೇರಿಗಳು ಹೆಬ್ಬೆಟ್ಟಿಗೆ, ಮುಖಕ್ಕೆ, ಮೂಲ ಪ್ರತಿಗೆ ಯಾಕೆ ಅಂಟಿಕೊಂಡಿವೆ ಎಂಬುದೂ ಅರ್ಥವಾಗುತ್ತದೆ. ಹಕ್ಕಿಗೆ ಜಾಮೀನು ಇಲ್ಲದ ಕಡೆ ಸಾಕ್ಷಿಯೇ ಆಧಾರ. ಸಾಕ್ಷಿಯನ್ನು ಸಡಿಲ ಮಾಡಿ ಜಾಮೀನು ಕೊಡದೇ ಹೋದರೆ ಬಡವನ ಸೈಟು ಮೊದಲು ಹೋಗುತ್ತದೆ. ನಾನು ಕಂಪ್ಯೂಟರಿನ ವಿರೋಧಿಯಲ್ಲ. ಭೂಮಿ ಯೋಜನೆ ಬರುವ ಮುಂಚೆ ಒಂದು ಪಹಣಿ ಪ್ರತಿಗೆ ರೈತರು ಎಷ್ಟು ದಿನ ಅಲೆಯುತ್ತಿದ್ದರು, ಎಷ್ಟು ಕೈಗಳಿಗೆ ದುಡ್ಡು ತುರುಕುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡವನು.

ಕೊಳ್ಳುವವರು ನಿಮ್ಮಿಂದ ಹಳೆಯ ಕಾಗದ ಕೇಳುತ್ತಾರೆ, ಅದಕ್ಕೂ ಸಿದ್ಧವಾಗಿರಿ. ಕಾವೇರಿಯಲ್ಲಿ ಆನ್‌ಲೈನ್ ಇ.ಸಿ. ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಪುಸ್ತಕ ತೆಗೆಸಬೇಕು. 1997ರ ಆಗಸ್ಟ್ 15ಕ್ಕೆ ಮುಂಚೆ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಹಾಗಾಗಿ ಹಳೆಯ ಪತ್ರದಲ್ಲಿ ಸೈಟಿಗೆ "ಚಿತ್ರದುರ್ಗ ಜಿಲ್ಲೆ" ಎಂದಿರುತ್ತದೆ, ಚನ್ನಗಿರಿ ತೋಟಕ್ಕೆ "ಶಿವಮೊಗ್ಗ ಜಿಲ್ಲೆ" ಎಂದಿರುತ್ತದೆ. ಹೊರಗಿನ ಬ್ಯಾಂಕಿನ ವಕೀಲರು ಇದನ್ನು ನೋಡಿ ಗಾಬರಿಯಾಗುವುದುಂಟು. ಗಾಬರಿ ಬೇಡ, ಜಿಲ್ಲೆ ಒಡೆದದ್ದು ಅಷ್ಟೇ.

ಉಟ್ರೆಕ್ಟ್‌ನಿಂದ ಒಬ್ಬಳು, 8 ಡಿಸೆಂಬರ್

ನಮ್ಮೂರು ಹೊಳಲ್ಕೆರೆ, ಈಗ ನೆದರ್ಲೆಂಡ್ಸ್. ಗಡಿ ದಾಟಿದ ಕೂಡಲೇ ಆಸ್ತಿ ಕಾಗದ ತೊಡಕಾಗುವುದು ನಮ್ಮ ದೇಶದ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿಯ ಬಹಳ ಜನ ಸ್ಪೇನಿನ ಬಿಸಿಲಿಗೆ ಹೋಗಿ ಮನೆ ಕೊಳ್ಳುತ್ತಾರೆ. ಒಂದೇ ಒಕ್ಕೂಟ, ಒಂದೇ ಯೂರೋ. ಆದರೂ ಡಚ್ ನೋಟರಿ ಬರೆದ ಪತ್ರವನ್ನು ನೇರವಾಗಿ ಇಲೆಕ್ಟ್ರಾನಿಕ್ ರೂಪದಲ್ಲಿ ಸ್ಪೇನಿನ ನೋಂದಣಿ ಕಚೇರಿಗೆ ಕಳಿಸುವುದು ಸುಲಭವಾಗಲಿಲ್ಲ. ಅದಕ್ಕೆಂದೇ ಯುರೋಪಿನ ಭೂ ನೋಂದಣಿ ಸಂಘಗಳು ಕ್ರೊಬೆಕೊ ಎಂಬ ಯೋಜನೆ ನಡೆಸಿದವು. ಮನೆ ಕೊಳ್ಳುವವನು ತನ್ನ ಭಾಷೆಯಲ್ಲಿ, ತಾನು ನಂಬುವ ನೋಟರಿಯ ಹತ್ತಿರ ಪತ್ರ ಬರೆಸಿ ಗಡಿಯಾಚೆಗೆ ಕಳಿಸಬೇಕು ಎನ್ನುವುದು ಅದರ ಆಸೆ.

ತೊಡಕು ತಂತ್ರಜ್ಞಾನದ್ದಲ್ಲ, ಫೈಲು ಕಳಿಸಲು ಒಂದು ಕ್ಷಣ ಸಾಕು. ಜಗತ್ತಿನ ತುಂಬ ಒಪ್ಪಿದ ಸೂತ್ರ ಒಂದಿದೆ: ಭೂಮಿ ಎಲ್ಲಿದೆಯೋ ಅಲ್ಲಿಯ ಕಾನೂನೇ ಭೂಮಿಗೆ. ಹಾಗಾಗಿ ಕಳಿಸುವವರ ನೋಟರಿ ಏನೇ ಬರೆದರೂ ಅಲ್ಲಿಯ ರಿಜಿಸ್ಟ್ರಾರ್ ತನ್ನ ದೇಶದ ಅಳತೆಗೋಲಿನಿಂದಲೇ ಅಳೆಯುತ್ತಾನೆ. ವಾರಸುದಾರಿಕೆಗೆ ಮಾತ್ರ ಯುರೋಪು ಒಂದು ಹೆಜ್ಜೆ ಮುಂದೆ ಹೋಯಿತು: 2015ರ ಆಗಸ್ಟ್ 17ರಿಂದ ಯುರೋಪಿಯನ್ ವಾರಸು ಪ್ರಮಾಣಪತ್ರ ಬಂದಿದೆ, ಒಂದು ದೇಶದಲ್ಲಿ ಕೊಟ್ಟದ್ದು ಉಳಿದ ದೇಶಗಳಲ್ಲಿ ನಡೆಯುತ್ತದೆ. ಅದಕ್ಕೂ ಡೆನ್ಮಾರ್ಕ್, ಐರ್ಲೆಂಡ್ ಹೊರಗೇ ಉಳಿದವು. ತಮ್ಮನಿಗೆ ಇದನ್ನು ಹೇಳಿ ಅಕ್ಕಾ. ಹದಡಿ ರಸ್ತೆಯ ಮಣ್ಣಿಗೆ ದಾವಣಗೆರೆಯ ನಿಯಮ, ಮೆಲ್ಬರ್ನ್‌ನದ್ದಲ್ಲ.

ವಿದ್ಯಾನಗರದ ಅಕ್ಕ, 8 ಡಿಸೆಂಬರ್

ಎಲ್ಲರಿಗೂ ಕೈ ಮುಗಿದೆ. ನಿಮ್ಮ ಮಾತನ್ನು ತಮ್ಮನಿಗೆ ಓದಿ ಹೇಳಿದೆ, ಕಾನ್ಸುಲೇಟಿನಲ್ಲಿ ಸಮಯ ತಗೊಂಡಿದ್ದಾನೆ. ಇನ್ನೂ ಎರಡು ಪ್ರಶ್ನೆ. ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕಚೇರಿಗೆ ಹೇಗೆ ಕರ್ಕೊಂಡು ಹೋಗಲಿ? ತೋಟವನ್ನು ನಾವು ಮಾರಲ್ಲ. ನನ್ನ ಭಾಗವನ್ನೂ ತಮ್ಮನಿಗೇ ಬಿಟ್ಟುಕೊಡಬೇಕು ಅಂತಿದ್ದೇನೆ, ಅಪ್ಪನಿಗೆ ಅದೇ ಆಸೆ ಇತ್ತು. ಇದೇ ಜಿಪಿಎಯಲ್ಲಿ ಅದನ್ನೂ ಸೇರಿಸಬಹುದಾ?

ಹರಿಹರದ ಪತ್ರ ಬರಹಗಾರ, 8 ಡಿಸೆಂಬರ್

ಅಮ್ಮನ್ನ ಎಲ್ಲೂ ಕರ್ಕೊಂಡು ಹೋಗಬೇಡ್ರಿ. ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂ ನಿಮ್ಮ ಅಮ್ಮನಂಥೋರಿಗೇ ಬರೆದಿದ್ದು. ವೈದ್ಯರ ಪ್ರಮಾಣಪತ್ರ ಇಟ್ಟು ಅರ್ಜಿ ಕೊಡ್ರಿ, ಶುಲ್ಕ ಕಟ್ರಿ, ಅವರೇ ಮನೆಗೆ ಬಂದು ಹೆಬ್ಬೆಟ್ಟು, ಫೋಟೋ ತಗೋತಾರೆ. ಇದನ್ನ ಕೇಳೋದು ನಿಮ್ಮ ಹಕ್ಕು, ಸಂಕೋಚ ಪಡಬೇಡ್ರಿ. ವಯಸ್ಸಾದೋರನ್ನ ಕುರ್ಚಿ ಸಮೇತ ಎತ್ಕೊಂಡು ಮೆಟ್ಟಿಲು ಹತ್ತಿಸೋದು ನೋಡಿ ನೋಡಿ ನನಗೆ ಹೊಟ್ಟೆ ಉರೀತೈತಿ.

ತೋಟದ ವಿಷಯ ಮಾತ್ರ ನಿಲ್ಲಿಸ್ರಿ. ಅದನ್ನ ಲೆಕ್ಕಪರಿಶೋಧಕರು ಹೇಳಲಿ.

ಪಿ.ಜೆ. ಬಡಾವಣೆಯ ಲೆಕ್ಕಿಗ, 9 ಡಿಸೆಂಬರ್

ತೋಟದಿಂದಲೇ ಶುರು ಮಾಡುತ್ತೇನೆ, ಅಪಾಯ ಅಲ್ಲಿದೆ. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮಗಳ ಪ್ರಕಾರ ಎನ್‌ಆರ್‌ಐ ಆಗಲಿ ಓಸಿಐ ಆಗಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಪ್ಪನಿಂದ ತಮ್ಮನಿಗೆ ಬಂದ ಮೂರನೇ ಒಂದು ಪಾಲು ಅವನದೇ, ಯಾರೂ ಕಸಿಯಲಾರರು. ಆದರೆ ನಿಮ್ಮ ಪಾಲನ್ನು ನೀವು ಪತ್ರ ಬರೆದು ಅವನಿಗೆ ಬಿಟ್ಟರೆ ಅದು ವಾರಸು ಅಲ್ಲ, ಹೊಸ ವರ್ಗಾವಣೆ. 2020ರಲ್ಲಿ ರಾಜ್ಯ ಸರ್ಕಾರ ಭೂ ಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರನ್ನು ತಡೆಯುತ್ತಿದ್ದ 79ಎ, 79ಬಿ ಕಲಂ ತೆಗೆದುಹಾಕಿದ ಮೇಲೆ "ಈಗ ಯಾರು ಬೇಕಾದರೂ ಜಮೀನು ತಗೋಬಹುದು" ಎಂದು ಜನ ಹೇಳುತ್ತಾರೆ. ಅದು ರಾಜ್ಯದ ಬಾಗಿಲು. ಫೆಮಾ ಕೇಂದ್ರದ್ದು, ಆ ಬಾಗಿಲು ಮುಚ್ಚಿಯೇ ಇದೆ. ಉಲ್ಟಾ ದಿಕ್ಕಿನಲ್ಲಿ ತೊಂದರೆ ಇಲ್ಲ, ಅವನು ತನ್ನ ಪಾಲನ್ನು ಇಲ್ಲಿರುವ ನಿಮಗೆ ಬಿಡಬಹುದು. ಅಪ್ಪನ ಆಸೆಯನ್ನು ಬೇರೆ ರೀತಿ ನಡೆಸೋಣ: ಮೂವರ ಹೆಸರಿಗೂ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಜಂಟಿಯಾಗಿ ಇಟ್ಟುಕೊಳ್ಳಿ.

ಈಗ ಸೈಟಿನ ತೆರಿಗೆ. 42 ಲಕ್ಷದಲ್ಲಿ ತಲಾ 14 ಲಕ್ಷ. ನಿಮಗೂ ಅಮ್ಮನಿಗೂ ಕೊಳ್ಳುವವರು ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿಯಬೇಕಿಲ್ಲ, ಒಟ್ಟು ಬೆಲೆ 50 ಲಕ್ಷದ ಒಳಗಿದೆ. ಅನಿವಾಸಿಗೆ ಆ 50 ಲಕ್ಷದ ಗೆರೆಯೇ ಇಲ್ಲ. ತಮ್ಮನ ಪಾಲಿಗೆ 12.5%, ಅದರ ಮೇಲೆ 4% ಸೆಸ್, ಕೂಡಿದರೆ 13%. 14 ಲಕ್ಷಕ್ಕೆ 1,82,000 ರೂಪಾಯಿ. ಲಾಭ ಕಡಿಮೆ ಇದ್ದರೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ಮೊದಲೇ ತರಿಸಬಹುದು, ಇಲ್ಲವಾದರೆ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಇದಕ್ಕೆ ಕೊಳ್ಳುವವರು ಟ್ಯಾನ್ (ತೆರಿಗೆ ಕಡಿಯುವವರ) ಸಂಖ್ಯೆ ಮಾಡಿಸಿಕೊಳ್ಳಬೇಕು. ನಮ್ಮ ಕಡೆ ಮಾರಾಟ ಮುರಿದುಬೀಳುವುದು ಇಲ್ಲೇ. ನೋಂದಣಿ ದಿನ ಬೆಳಿಗ್ಗೆ ಈ ವಿಷಯ ತಿಳಿದು ಜಗಳವಾಗುತ್ತದೆ. ಇವತ್ತೇ ಕೂತು ಹೇಳಿಬಿಡಿ. ಅವರ ಖರ್ಚೂ ಸಣ್ಣದಲ್ಲ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಗಿದೆ, ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 7.6%. 42 ಲಕ್ಷಕ್ಕೆ 3,19,200 ರೂಪಾಯಿ.

ತಮ್ಮನ ಹಣ ಅವನ ಎನ್‌ಆರ್‌ಒ (ಅನಿವಾಸಿಗಳ ಬ್ಯಾಂಕ್) ಖಾತೆಗೇ ಬೀಳಲಿ, ನಿಮ್ಮ ಖಾತೆಗೆ ಬೇಡ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಒಯ್ಯಬಹುದು, ಆದಾಯ ತೆರಿಗೆ ಇಲಾಖೆಯ ನಮೂನೆ ತುಂಬಬೇಕು.

ಬೆಣ್ಣೆನಗರಿ, 9 ಡಿಸೆಂಬರ್

ಒಂದು ಮಾತು ನನ್ನಿಂದಲೂ. 2023ರಲ್ಲಿ ನೋಂದಾಯಿತ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು, ಆಧಾರ್ ಮೂಲಕ ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ಕರ್ನಾಟಕದಲ್ಲಿ ಆದವು. ಆಮೇಲೆ ಇಲಾಖೆ ಪತ್ರದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡಿತು. ಆದರೂ ನೋಂದಣಿ ಮುಗಿದ ಸಂಜೆಯೇ ಅಮ್ಮನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ಅಷ್ಟು ದುಡ್ಡು ಖಾತೆಗೆ ಬರುವ ಹೊತ್ತು.

ವಿದ್ಯಾನಗರದ ಅಕ್ಕ, 30 ಜನವರಿ 2026

ಕೊನೆಗೆ ಏನಾಯ್ತು ಅಂತ ತಿಳಿಸೋಕೆ ಬಂದೆ. ಕೆಲಸ ಆಯ್ತು.

ಜಿಪಿಎ ಕಾನ್ಸುಲೇಟಿನ ಮೊಹರು ಹೊತ್ತು ಡಿಸೆಂಬರ್ 22ಕ್ಕೆ ಮನೆಗೆ ಬಂತು. ಲಕೋಟೆ ಸಮೇತ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಕೊಟ್ಟು ಮುದ್ರಾಂಕ ಶುಲ್ಕ ಕಟ್ಟಿದೆವು. ಒಂದು ಕಡೆ ಎಡವಿದೆವು, ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೀತೀನಿ. ವಂಶವೃಕ್ಷದಲ್ಲಿ ತಮ್ಮನ ಹೆಸರಿನ ಹಿಂದೆ ಊರು ಮತ್ತು ಅಪ್ಪನ ಇನಿಷಿಯಲ್ ಇದೆ. ಆಸ್ಟ್ರೇಲಿಯಾ ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ಮನೆತನದ ಹೆಸರಾಗಿ ಕೊನೆಗೆ ಬಂದಿದೆ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಮನುಷ್ಯರು. "ಇಬ್ಬರೂ ಒಬ್ಬನೇ" ಅಂತ ಇನ್ನೊಂದು ಪ್ರಮಾಣಪತ್ರ ಕಾನ್ಸುಲೇಟಿನಿಂದಲೇ ಮಾಡಿಸಿ ತರಿಸಬೇಕಾಯ್ತು, ಎರಡು ವಾರ ಹೋಯ್ತು. ಜಿಪಿಎ ಬರೆಸುವಾಗಲೇ ಎರಡೂ ಹೆಸರು ಹಾಕಿಸಿಕೊಂಡಿದ್ದರೆ ಆ ಎರಡು ವಾರ ಉಳೀತಿತ್ತು.

ಟಿಡಿಎಸ್ ವಿಷಯ ಮೊದಲೇ ಕೂತು ಮಾತಾಡಿದ್ದಕ್ಕೆ ಕೊಳ್ಳುವವರು ಬೇಸರ ಮಾಡಿಕೊಳ್ಳಲಿಲ್ಲ. ಅಮ್ಮನ ಹೆಬ್ಬೆಟ್ಟು ಮನೆಯ ಪಡಸಾಲೆಯಲ್ಲೇ ಆಯ್ತು. ಅಧಿಕಾರಿ ಅಮ್ಮನನ್ನು ಮೂರು ಸಲ ಕೇಳಿದರು, "ಅಮ್ಮಾ, ಯಾರ ಒತ್ತಾಯಕ್ಕೂ ಅಲ್ಲ ತಾನೆ? ಹಣ ಬಂತಾ?" ಅಂತ. ಅಮ್ಮ ಪ್ರತಿ ಸಲವೂ ಪೂರ್ತಿ ಉತ್ತರ ಕೊಟ್ಟರು. ಕೋಟೆನಾಡಿನ ಹಿರಿಯರು ಬರೆದ ಸಾಕ್ಷಿಯ ಮಾತು ನನಗೆ ತಲೆಗೆ ಹೋದದ್ದು ಆಗಲೇ.

ತೋಟಕ್ಕೆ ಮೂವರ ಹೆಸರಲ್ಲೂ ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ. ಅಮ್ಮನ ಎಡಗಾಲಿನ ಆಪರೇಷನ್ ಫೆಬ್ರವರಿಯಲ್ಲಿ.